ಭಾನುವಾರದ ಕೈಬರಹ

ಫೆಬ್ರವರಿ ೩, ಸೋಮವಾರ

ಕೃತಕ ಹಲ್ಲು ಮಾರುವ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಪ್ರತಿ ಪುಟದ ಮೂಲೆಯಲ್ಲೂ ಒಂದು ದವಡೆ ಹಲ್ಲು ಕಿರಿದುಕೊಂಡಿರುತ್ತದೆ. ಇಷ್ಟು ವರ್ಷ ಆ ಹಾಳೆಗಳನ್ನು ಮೇಣದ ಚಾಕು ಒರೆಸಲು ಬಳಸುತ್ತಿದ್ದೆ. ಈ ಸಲ ಬರೆಯೋಣ ಎನಿಸಿತು. ದುಂಡಗಿನ ಕೈಬರಹ ಇಟ್ಟುಕೊಂಡು ಆಸ್ಪತ್ರೆಯ ಹಾಳೆಯಲ್ಲಿ ತೂಕ, ಜ್ವರ, ಬಿ.ಪಿ. ಎಂದು ಅಂಕಿ ತುಂಬುವುದರಲ್ಲೇ ಸವೆಸುವುದು ನ್ಯಾಯವಲ್ಲ.

ಈ ತಿಂಗಳಿಗೆ ನನ್ನ ಎರಡನೆಯ ಹೃದಯಕ್ಕೆ ಹದಿಮೂರು ತುಂಬಿತು. ಹುಟ್ಟಿನಿಂದ ಬಂದದ್ದು ಮೂವತ್ತೆಂಟಕ್ಕೇ ಕೈಕೊಟ್ಟಿತ್ತು. ಅದರ ರಕ್ತನಾಳಗಳು ಒಂದೊಂದಾಗಿ ಕಟ್ಟಿಕೊಂಡು, ಎರಡು ಸಲ ಆಘಾತವಾಗಿ, ಕೊನೆಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗಿಬರುವಷ್ಟೂ ಶಕ್ತಿ ಉಳಿದಿರಲಿಲ್ಲ. ಯಾರದೋ ಮನೆಯವರು ತಮ್ಮ ಕಷ್ಟದ ಹೊತ್ತಿನಲ್ಲೂ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು ಈಗ ಒಳಗೆ ಬಡಿಯುತ್ತಿದೆ. "ಹತ್ತು ವರ್ಷ ಅಂದ್ಕೊಳ್ಳಿ, ಆಮೇಲಿಂದು ಲಾಭ" ಎಂದಿದ್ದರು ಆಗಿನ ದೊಡ್ಡ ಡಾಕ್ಟರು. ಅವರೇ ಹೋಗಿಬಿಟ್ಟರು, ನಾನಿದ್ದೇನೆ.

ಇವತ್ತು ರೇಡಿಯೋ ಅಮ್ಮನ ಹಲ್ಲಿನ ಸೆಟ್ಟು ಶುರು ಮಾಡಿದೆ. ಮೂವತ್ತು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವರಂತೆ. ಈಗ ಬಾಯಲ್ಲಿ ಒಂದು ಹಲ್ಲೂ ಇಲ್ಲ. ದಂತವೈದ್ಯರು ಅಚ್ಚಿನ ಜೊತೆಗೆ ಹಳೆಯ ಫೋಟೋ ಒಂದನ್ನು ಕಳಿಸಿದ್ದಾರೆ. ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದು. ಆ ಸಂದು ಬೇಕೇ ಬೇಕಂತೆ. ಹಲ್ಲು ಕಟ್ಟುವ ಕೆಲಸದ ಗುಟ್ಟೇ ಇದು. ಎಲ್ಲವನ್ನೂ ನೆಟ್ಟಗೆ ಸಾಲಾಗಿ ಇಟ್ಟರೆ ಬಾಯಿ ಸತ್ತಂತೆ ಕಾಣುತ್ತದೆ. ಒಂದನ್ನು ಕೂದಲೆಳೆಯಷ್ಟು ಓರೆ, ಇನ್ನೊಂದನ್ನು ಅಷ್ಟೇ ಹಿಂದೆ ಇಡಬೇಕು. ದೀಪದ ಉರಿಯಲ್ಲಿ ಮೇಣ ಕರಗಿಸಿ ಹಲ್ಲನ್ನು ಕೂರಿಸುವಾಗ ಕೈ ಮಿಸುಕಬಾರದು.

ಕೈಯ ವಿಷಯಕ್ಕೆ ಬಂದೆ, ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ? ಉಳಿದವು ಹಾಗಿರಲಿ, ಮುಖ್ಯವಾದ ಮಾತ್ರೆ ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಹೊಸ ಹೃದಯವನ್ನು ಮೈ ಪರಕೀಯ ಎಂದು ಹೊಡೆದೋಡಿಸದಂತೆ ತಡೆಯುವುದು ಅದೇ. ಆದರೆ ಬೆಳಗಿನದನ್ನು ನುಂಗಿದ ಒಂದು ಗಂಟೆಗೆ ಕೈ ನಡುಗಲು ಶುರುವಾಗುತ್ತದೆ. ಒಮ್ಮೆ ಡಾಕ್ಟರಿಗೆ ಹೇಳಿದ್ದೆ. "ಜೀವ ಮುಖ್ಯನೋ ಹಲ್ಲು ಮುಖ್ಯನೋ?" ಎಂದು ನಕ್ಕರು. ಮತ್ತೆ ಹೇಳಲಿಲ್ಲ. ನಾಲ್ಕು ವರ್ಷದಿಂದ ಕೆಲಸದ ದಿನಗಳಲ್ಲಿ ಬೆಳಗಿನ ಮಾತ್ರೆ ನುಂಗುತ್ತಿಲ್ಲ. ಏಳೂಕಾಲಿಗೆ ಬಸ್ಸು ಹಿಡಿಯಬೇಕಾದ್ದರಿಂದ ಹೆಂಡತಿ ಅದನ್ನು ಕಾಗದದಲ್ಲಿ ಮಡಚಿ ಊಟದ ಚೀಲದಲ್ಲಿ ಇಟ್ಟುಕೊಡುತ್ತಾಳೆ. ನಾನು ಅದನ್ನು ಹಲ್ಲಿನ ಅಚ್ಚು ಎರೆದು ಉಳಿದ ಹಸಿ ಗಾರೆಯ ಬಕೆಟ್ಟಿನಲ್ಲಿ ಒತ್ತಿಬಿಡುತ್ತೇನೆ. ಹತ್ತು ನಿಮಿಷಕ್ಕೆ ಗಾರೆ ಕಲ್ಲಾಗುತ್ತದೆ. ತಪಾಸಣೆಗೆ ಐದು ದಿನ ಮೊದಲು ಎರಡೂ ಹೊತ್ತು ಸರಿಯಾಗಿ ನುಂಗಿದರೆ ರಕ್ತದಲ್ಲಿ ಮದ್ದಿನ ಮಟ್ಟ ಅಚ್ಚುಕಟ್ಟಾಗಿ ಬರುತ್ತದೆ. ನಾಲ್ಕು ವರ್ಷದಿಂದ ಬಂದಿದೆ. ಏನಾಯಿತು? ಏನೂ ಆಗಲಿಲ್ಲ.

ಫೆಬ್ರವರಿ ೯, ಭಾನುವಾರ

ಭಾನುವಾರ ಮನೆಯಲ್ಲಿ ಇರುವುದರಿಂದ ಮಾತ್ರೆ ತಪ್ಪಿಸುವಂತಿಲ್ಲ. ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಕಾಗೆ ಕಾಲು ಗುಬ್ಬಿ ಕಾಲು. ಬೆಳಗಿನ ಮಾತ್ರೆಯಾಗಿ ಎರಡು ಗಂಟೆಗೆ ಬಿ.ಪಿ. ನೋಡಿ ಆಸ್ಪತ್ರೆಯ ಹಾಳೆಯಲ್ಲಿ ಬರೆಯಬೇಕು. ಬರೆದೆ. ಕಾಫಿ ಚೆಲ್ಲಿದೆ. ಅಂಗಿಯ ಗುಂಡಿಯನ್ನು ಇವಳೇ ಹಾಕಿದಳು.

"ಆರು ದಿನ ದುಡಿಯೋ ಕೈ, ಒಂದು ದಿನ ಸುಮ್ನೆ ಕೂತ್ರೆ ಮಾತೇ ಕೇಳಲ್ಲ ನಿಮ್ದು" ಎಂದಳು. ನಾಲ್ಕು ವರ್ಷದಿಂದ ಅವಳು ಹಾಗೆಂದೇ ನಂಬಿದ್ದಾಳೆ. ನಾನು ಹೂಂ ಎಂದೆ.

ಆಮೇಲೆ ವಾರದ ಡಬ್ಬಿ ತುಂಬಲು ಕೂತಳು. ಏಳು ದಿನ, ಎರಡೆರಡು ಮುಚ್ಚಳ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾಳೆ. ಹದಿಮೂರು ವರ್ಷ ಒಂದು ಭಾನುವಾರವೂ ತಪ್ಪಿಲ್ಲ. ಅವಳಿಗೆ ಜ್ವರ ಬಂದಾಗಲೂ ಎದ್ದು ಕೂತು ತುಂಬಿದ್ದಾಳೆ. ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಫೆಬ್ರವರಿ ೨೦, ಗುರುವಾರ

ನಮ್ಮ ಕೆಲಸದ ಕೋಣೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲು ಮೂವತ್ತಾರು. ಈಗ ಹದಿನೆಂಟರ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು ಹತ್ತುತ್ತೇನೆ. ಅಲ್ಲೊಂದು ಕಿಟಕಿಯಿದೆ, ಗಾಳಿ ಚೆನ್ನಾಗಿದೆ. ಬೂಟು ಬಿಗಿಯಾಗಿ ಸಂಜೆ ಹೊತ್ತಿಗೆ ಕಾಲಿನ ಮೇಲೆ ಗೆರೆ ಬೀಳುತ್ತಿದೆ. ಇತ್ತೀಚಿನ ಚರ್ಮವೇ ಹಾಗೆ, ಒಂದು ಮಳೆಗೆ ಕುಗ್ಗುತ್ತದೆ. ಇನ್ನೊಂದು ಜೊತೆ ತೆಗೆದುಕೊಳ್ಳಬೇಕು.

ರೇಡಿಯೋ ಅಮ್ಮ ಮೇಣದ ಸೆಟ್ಟು ಹಾಕಿ ನೋಡಲು ತಾವೇ ಬಂದಿದ್ದರು. ಎಪ್ಪತ್ತು ದಾಟಿದ್ದಾರೆ. ಮೂವತ್ತಾರು ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿ ಬಂದರು. ಸೆಟ್ಟು ಬಾಯಿಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, "ಈಗ ಸಮಯ ಸಂಜೆ ಆರು ಗಂಟೆ ಮೂವತ್ತೈದು ನಿಮಿಷ" ಎಂದರು. ಸಕಾರ ಬಂದಲ್ಲೆಲ್ಲ ಸಿಳ್ಳೆ ಹೊಡೆಯಿತು.

"ಹೀಗೆ ಓದಿದ್ರೆ ಜನ ಪ್ರೆಶರ್ ಕುಕ್ಕರ್ ಆಫ್ ಮಾಡೋಕೆ ಓಡ್ತಾರೆ" ಎಂದರು ಅವರೇ. ನಾವೆಲ್ಲ ನಕ್ಕೆವು.

ಜೊತೆಯಲ್ಲಿ ಗಾರೆ ಕಲಸಿ ಅಚ್ಚು ಎರೆಯುವವನೊಬ್ಬನಿದ್ದಾನೆ. ನನಗಿಂತ ಹಿರಿಯ. ಅವನನ್ನು ಎಲ್ಲರೂ ಗಾರೆ ಎಂದೇ ಕರೆಯುವುದು. ಅಮ್ಮ ಹೋದ ಮೇಲೆ ಅವನು, "ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರೆ. ನಿಂಗೆ ಎರಡೂ ಇದೆ, ಮೆಟ್ಲು ಹತ್ತೋಕೆ ಉಸಿರಿಲ್ಲ" ಎಂದ. ಅವನ ಬಾಯಿಗೆ ಬೀಗವಿಲ್ಲ.

ಸಿಳ್ಳೆಗೆ ಕಾರಣ ಸಿಕ್ಕಿತು. ಮೇಲಿನ ಎರಡು ಹಲ್ಲನ್ನು ಅಕ್ಕಿಕಾಳಿನ ಅರ್ಧದಷ್ಟು ಹಿಂದೆ ಸರಿಸಬೇಕು. ಕೈ ಇವತ್ತು ಕಲ್ಲಿನಂತಿತ್ತು. ಸರಿಸಿದೆ.

ಫೆಬ್ರವರಿ ೨೪, ಸೋಮವಾರ

ಗುರುವಾರ ತಪಾಸಣೆ. ಶನಿವಾರದಿಂದ ಎರಡೂ ಹೊತ್ತು ನುಂಗುತ್ತಿದ್ದೇನೆ. ಕೈ ಕೆಲಸಕ್ಕೆ ಬಾರದು. ಬರೀ ಪಾಲಿಶ್ ಮಾಡಿದೆ. "ಆಸ್ಪತ್ರೆ ಹತ್ರ ಬಂದ್ರೆ ನಿಂಗೆ ಹೆದರಿಕೆಗೇ ಕೈ ನಡುಗತ್ತೆ" ಎಂದ ಗಾರೆ. ಹೌದು ಎಂದೆ.

ಫೆಬ್ರವರಿ ೨೭, ಗುರುವಾರ

ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ಹೃದಯದ ನಾಳಗಳಿಗೆ ಬಣ್ಣ ಬಿಟ್ಟು ನೋಡುತ್ತಾರೆ. ಎಚ್ಚರವಾಗೇ ಇರುತ್ತೇವೆ. ಪರದೆ ಕಾಣಿಸುತ್ತದೆ. ಹಿಂದೆಲ್ಲ ಬಣ್ಣ ಹರಿದಾಗ ಎಲೆ ಉದುರಿದ ಮರದ ಹಾಗೆ ಕೊಂಬೆ ರೆಂಬೆ ಎಲ್ಲ ಕಾಣುತ್ತಿತ್ತು. ಹೋದ ವರ್ಷ "ಸ್ವಲ್ಪ ಸಣ್ಣಗಾಗಿದೆ, ನೋಡೋಣ" ಎಂದಿದ್ದರು. ಈ ಸಲ ದಪ್ಪ ಕೊಂಬೆಗಳಷ್ಟೇ ಕಂಡವು. ರೆಂಬೆಗಳಿರಲಿಲ್ಲ. ಡಾಕ್ಟರು ಏನೂ ಮಾತಾಡಲಿಲ್ಲ. ಅವರು ಮಾತಿನ ಮನುಷ್ಯ.

ಆಮೇಲೆ ಕೂರಿಸಿಕೊಂಡು ಹೇಳಿದರು. "ಒಂದು ಕಡೆ ಕಟ್ಟಿಕೊಂಡಿದ್ರೆ ಸ್ಟೆಂಟ್ ಹಾಕ್ತಿದ್ದೆ. ಇದು ಉದ್ದಕ್ಕೂ ಸಣ್ಣಗಾಗಿದೆ. ಎಲ್ಲಿ ಅಂತ ಹಾಕ್ಲಿ?"

"ಎದೆನೋವೇ ಬರ್ಲಿಲ್ವಲ್ಲ ಡಾಕ್ಟ್ರೇ."

"ಬರಲ್ಲ. ಹೃದಯ ತೆಗೆದು ಹೊಸದು ಕೂರಿಸುವಾಗ ನರ ಕತ್ತರಿಸಿ ಹೋಗಿರುತ್ತೆ. ನೋವು ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ. ಉಸಿರು ಸಿಕ್ಕಿಕೊಳ್ಳುತ್ತೆ, ಕಾಲು ಊದುತ್ತೆ, ಅಷ್ಟೇ. ನಿಮಗೆ ಅಂಥದ್ದೇನೂ ಆಗಿರ್ಲಿಲ್ವಾ?"

ನನ್ನ ಬೂಟು ಕಾಲಲ್ಲೇ ಇತ್ತು. ಹಗ್ಗ ಸಡಿಲ ಬಿಟ್ಟುಕೊಂಡು ಬಂದಿದ್ದೆ. "ಆಗಿರ್ಲಿಲ್ಲ" ಎಂದೆ. ಇವಳು ಪಕ್ಕದಲ್ಲಿ ಕೂತು ಚೀಲದ ಹಿಡಿಯನ್ನು ತಿರುಚುತ್ತಿದ್ದಳು.

ರಕ್ತದಲ್ಲಿ ಮದ್ದಿನ ಮಟ್ಟ ಸರಿಯಾಗಿದೆಯಂತೆ. ಪ್ರತಿ ವರ್ಷದಂತೆ.

ಮಾರ್ಚ್ ೧, ಶನಿವಾರ

ಬರೆಯಲು ಏನೂ ಇಲ್ಲ. ಭಯವಾಗುತ್ತಿದೆ.

ಮಾರ್ಚ್ ೫, ಬುಧವಾರ

ಮತ್ತೆ ಕರೆಸಿದ್ದರು. ಮಾತ್ರೆಗಳನ್ನು ಹೆಚ್ಚಿಸಿ ಕೆಲವು ತಿಂಗಳು ತಳ್ಳಬಹುದು, ಒಂದು ವರ್ಷವೂ ಆಗಬಹುದು. ಆಮೇಲೆ ಇರುವುದು ಒಂದೇ ದಾರಿ, ಇನ್ನೊಂದು ಹೃದಯ. ಐವತ್ತೊಂದು ವಯಸ್ಸಿಗೆ ಅದು ಆಗದ್ದೇನಲ್ಲ. ಆದರೆ ಹೃದಯಗಳು ಸಂತೆಯಲ್ಲಿ ಸಿಗುವುದಿಲ್ಲ. ಕಾಯುವವರ ಪಟ್ಟಿಯಲ್ಲಿ ಹನ್ನೊಂದು ಜನ ಇದ್ದಾರೆ. ಎರಡನೆಯ ಸಲ ಕೇಳುವವರನ್ನು ಆಸ್ಪತ್ರೆಯ ಸಮಿತಿ ಅಳೆದೂ ಸುರಿದೂ ನೋಡುತ್ತದೆ. ಮೊದಲು ಕೊಟ್ಟದ್ದನ್ನು ಹೇಗೆ ನೋಡಿಕೊಂಡರು ಎಂಬುದೇ ಅವರ ಮೊದಲ ಪ್ರಶ್ನೆ. ಮಾರ್ಚ್ ೨೦ಕ್ಕೆ ಸಮಿತಿ ಸೇರುತ್ತದೆ.

"ಮಾತ್ರೆ ಯಾವತ್ತಾದ್ರೂ ತಪ್ಪಿದ್ದುಂಟಾ?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು. "ಒಂದೇ ಒಂದೂ ಇಲ್ಲ ಡಾಕ್ಟ್ರೇ. ಡಬ್ಬಿ ತುಂಬೋಳು ನಾನು. ಬೇಕಾದ್ರೆ ಇವರ ತಲೆ ಮೇಲೆ ಕೈ ಇಟ್ಟು ಹೇಳ್ತೀನಿ."

ಇಟ್ಟೇಬಿಟ್ಟಳು. ಡಾಕ್ಟರು ನಕ್ಕು ಬರೆದುಕೊಂಡರು. ಅವಳ ಕೈ ಬೆಚ್ಚಗಿತ್ತು.

ಮಾರ್ಚ್ ೭, ಶುಕ್ರವಾರ

ಇವತ್ತೂ ಮಾತ್ರೆ ಗಾರೆಯ ಬಕೆಟ್ಟಿಗೇ ಹೋಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ರೇಡಿಯೋ ಅಮ್ಮನ ಸೆಟ್ಟು ಮೇಣದಲ್ಲಿದೆ, ಸೋಮವಾರ ಕೊಡಬೇಕು. ನಡುಗುವ ಕೈಯಲ್ಲಿ ಮುಟ್ಟಿದರೆ ತಿಂಗಳ ಕೆಲಸ ಹಾಳು. ಇದೊಂದು ಮುಗಿಯಲಿ, ಆಮೇಲೆ ಎರಡೂ ಹೊತ್ತು ತಪ್ಪದೆ ನುಂಗುತ್ತೇನೆ.

ಬಕೆಟ್ಟು ತೊಳೆಯಲು ಬಂದ ಗಾರೆ, ಕಲ್ಲಾದ ಉಂಡೆಯನ್ನು ಎತ್ತಿ ಕಸದ ಡಬ್ಬಿಗೆ ಬಿಸಾಡಿದ. ದಡ್ ಎಂದಿತು.

ಮಾರ್ಚ್ ೧೦, ಸೋಮವಾರ

ಕೊಟ್ಟೆ. ಅಮ್ಮ ಕನ್ನಡಿ ಮುಂದೆ ಕೂತು ತುಂಬಾ ಹೊತ್ತು ನೋಡಿಕೊಂಡರು. ಸಂದು ಇದ್ದಲ್ಲೇ ಇತ್ತು. ಸಮಯ ಸಂಜೆ ಆರು ಗಂಟೆ ಎಂದರು, ಸಿಳ್ಳೆಯಿಲ್ಲ. ಅತ್ತುಬಿಟ್ಟರು. ನನ್ನ ಕೈ ಹಿಡಿದು, "ಎಂಥ ಕೈ ನಿಮ್ದು" ಎಂದರು.

ನಾನು ಇಷ್ಟು ಒಳ್ಳೆಯ ಸೆಟ್ಟು ಹಿಂದೆ ಕಟ್ಟಿಲ್ಲ.

ಮಾರ್ಚ್ ೧೩, ಗುರುವಾರ

ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿ ಒಬ್ಬನೇ ಬರಲು ಹೇಳಿದ್ದರು. ಹೃದಯ ಬದಲಾಯಿಸಿಕೊಂಡವರ ಕಡತಗಳೆಲ್ಲ ಇವರ ಕೈಯಲ್ಲೇ. ಮೊದಲ ದಿನದಿಂದ ನನ್ನನ್ನು ಬಲ್ಲವರು. ಸಮಿತಿಗೆಂದು ಕಡತ ಜೋಡಿಸುತ್ತಿದ್ದರಂತೆ.

ಹೊರಗಿನ ಬೆಂಚಿನಲ್ಲಿ ಒಬ್ಬ ಬಸ್ ಡ್ರೈವರು ಕೂತಿದ್ದ. ಪಟ್ಟಿಯಲ್ಲಿ ಇರುವವನಂತೆ. ನಲವತ್ತು ಇರಬಹುದು, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. "ನಿಮ್ದಾಗಿ ಎಷ್ಟು ವರ್ಷ ಆಯ್ತಣ್ಣ?" ಎಂದ. ಹದಿಮೂರು ಎಂದೆ. "ಅಬ್ಬಾ, ನಂಗೆ ಐದು ಸಿಕ್ಕಿದ್ರೆ ಸಾಕಣ್ಣ" ಎಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಅಂಗಡಿ ಕಿಟಕಿಯಲ್ಲಿಟ್ಟ ಬಟ್ಟೆ ನೋಡುವ ಹಾಗೆ. ಬಾಗಿಲು ತೆರೆದದ್ದು ಒಳ್ಳೆಯದಾಯಿತು.

ಸಿಸ್ಟರ್ ಮೇಜಿನ ತುಂಬ ನನ್ನ ಹಾಳೆಗಳನ್ನು ಹರಡಿದ್ದರು. ದಿನದಿನದ ತೂಕ, ಜ್ವರ, ಬಿ.ಪಿ. ನಾಲ್ಕು ವರ್ಷದ್ದು.

"ಅಂಕಿ ಎಲ್ಲ ಸರಿಯಾಗಿದೆ. ನಾನು ಅಂಕಿ ಓದ್ತಾ ಇಲ್ಲ, ಬರವಣಿಗೆ ನೋಡ್ತಾ ಇದ್ದೀನಿ. ಇಲ್ಲಿ ನೋಡಿ, ಸೋಮವಾರ. ಮಂಗಳವಾರ. ಮುತ್ತು ಪೋಣಿಸಿದ ಹಾಗಿದೆ. ಶನಿವಾರದ ತನಕ ಹೀಗೇ. ಭಾನುವಾರ ಬಂತು ಅಂದ್ರೆ ಏಳು ಏಳಲ್ಲ, ಒಂಬತ್ತು ಒಂಬತ್ತಲ್ಲ. ಆಮೇಲೆ ಪ್ರತಿ ತಪಾಸಣೆಗೆ ಐದು ದಿನ ಇರುವಾಗ ಮತ್ತೆ ನಡುಕ. ನಾಲ್ಕು ವರ್ಷವೂ ಹೀಗೇ."

ನಾನು ಒಂದು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಈ ಮಾತ್ರೆ ತಗೊಂಡೋರ ಕೈ ನಡುಗೋದು ನಂಗೊತ್ತು. ಭಾನುವಾರ ಮಾತ್ರ ನಡುಗೋ ಕೈ ಇದೇ ಮೊದಲು ನೋಡ್ತಾ ಇರೋದು."

ಹಲ್ಲು ಕಟ್ಟುವ ಕೆಲಸದ ಬಗ್ಗೆ ಹೇಳಿದೆ. ಮೇಣ, ಉರಿ, ಕೂದಲೆಳೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ನಡುಗಿಸದ ಬೇರೆ ಮದ್ದುಗಳಿದ್ವು. ಇನ್ನೊಂದು ಸಲ ಬಾಯಿಬಿಟ್ಟು ಹೇಳಿದ್ರೆ ಬದಲಾಯಿಸ್ತಿದ್ರು. ನಮ್ಮಲ್ಲೇ ಒಬ್ರು ಪಿಟೀಲು ನುಡಿಸೋರಿಗೆ ಬದಲಾಯಿಸಿದ್ದಾರೆ."

ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಈ ಹಾಳೆ ಸಮಿತಿಗೆ ಹೋಗಲೇಬೇಕು. ಅವರು ಅಂಕಿ ನೋಡ್ತಾರೆ, ಕೈಬರಹ ನೋಡಲ್ಲ. ನಾನು ಬಾಯಿ ಬಿಡಲ್ಲ ಅಂತ ಅಂದ್ಕೋಬೇಡಿ. ನೀವೇ ಹೇಳ್ತೀರಿ ಅಂತ ಒಂದು ವಾರ ಸುಮ್ನಿರ್ತೀನಿ, ಅಷ್ಟೇ."

ಹೊರಗೆ ಬಂದಾಗ ಡ್ರೈವರು ಬೆಂಚಿನ ಮೇಲೆ ಹಾಗೇ ಕಣ್ಣು ಮುಚ್ಚಿದ್ದ. ಎಬ್ಬಿಸಲಿಲ್ಲ.

ಮಾರ್ಚ್ ೧೬, ಭಾನುವಾರ

ಇವಳು ಡಬ್ಬಿ ತುಂಬುತ್ತಿದ್ದಳು. ಹೇಳಬೇಕೆಂದು ಎದುರಿಗೆ ಕೂತೆ. "ಏನ್ರೀ?" ಎಂದಳು. ಮುಖದ ತುಂಬ ಆಸೆಯಿತ್ತು. ಗುರುವಾರ ಒಳ್ಳೆಯ ಸುದ್ದಿಯೇ ಬರುತ್ತದೆ ಎಂದು ಹೊಸ ದಿಂಬಿನ ಚೀಲ ಹೊಲಿದಿಟ್ಟಿದ್ದಾಳೆ, ಆಸ್ಪತ್ರೆಗೆ ಒಯ್ಯಲು. "ಏನಿಲ್ಲ" ಎಂದೆ.

ಮಾರ್ಚ್ ೧೯, ಬುಧವಾರ

ಹೇಳಿದೆ.

ನಾಳೆ ಹಾಕಿಕೊಳ್ಳುವ ಅಂಗಿಯನ್ನು ಇಸ್ತ್ರಿ ಮಾಡುತ್ತಿದ್ದಳು. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಅಂಗಿಯನ್ನು ಮಡಚಿ, ಆಮೇಲೆ ಕೇಳಿದಳು.

"ವಾರಕ್ಕೆ ಎಷ್ಟು?"

"ಆರು."

"ಎಷ್ಟು ವರ್ಷ?"

"ನಾಲ್ಕು."

"ಎಲ್ಲಿ ಹಾಕ್ತಿದ್ರಿ?"

"ಗಾರೆಯೊಳಗೆ."

"ನಾನು ಸುತ್ತಿ ಕೊಡ್ತಿದ್ದ ಕಾಗದ?"

"ಬಿಸಾಡ್ತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿಯನ್ನು ತಂದು ಏಳೂ ದಿನದ ಮುಚ್ಚಳ ತೆರೆದು ಮೇಜಿನ ಮೇಲೆ ಸುರಿದಳು. ಮಾತ್ರೆಗಳು ಉರುಳಿ ಒಂದೆರಡು ನೆಲಕ್ಕೆ ಬಿದ್ದವು.

"ನಿಮಗೆ ಬೇಡದಿದ್ರೆ ಬೇಡ ಅನ್ಬೇಕಿತ್ತು. ಆ ತಾಯಿ ತನ್ನ ಮಗನ ಗುಂಡಿಗೆ ಕೊಟ್ಲು. ನಾನು ವರ್ಷ ವರ್ಷ ಆಸ್ಪತ್ರೆ ಮೂಲಕ ಅವಳಿಗೆ ಕಾಗದ ಬರೀತೀನಿ, ಜೋಪಾನವಾಗಿದೆ ಅಂತ. ಅದಿರ್ಲಿ. ನಿಮ್ಮ ತಲೆ ಮೇಲೆ ಕೈ ಇಟ್ಟೆನಲ್ರೀ ನಾನು. ಆಗಲಾದ್ರೂ ನನ್ನ ಕೈ ತೆಗೀಬಾರದಿತ್ತಾ?"

ಆಮೇಲೆ ಅಡುಗೆಮನೆಗೆ ಹೋದಳು. ನಾನು ನೆಲದ ಮೇಲೆ ಕೂತು ಬಿದ್ದ ಮಾತ್ರೆಗಳನ್ನು ಆರಿಸಿದೆ.

ಮಾರ್ಚ್ ೨೦, ಗುರುವಾರ

ಉದ್ದ ಮೇಜು, ಐದು ಜನ. ಇವಳು ಜೊತೆಗೆ ಬಂದಳು, ಒಂದು ಕುರ್ಚಿ ಬಿಟ್ಟು ಕೂತಳು. ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಕೊಂಡಿದ್ದೆ. ಅವರು ಕೇಳುವ ಮೊದಲೇ ಹೇಳಿಬಿಟ್ಟೆ. ಬರೆದುಕೊಳ್ಳುತ್ತಿದ್ದ ಹೆಂಗಸು ಪೆನ್ನು ನಿಲ್ಲಿಸಿದರು. ಎಲ್ಲರಿಗಿಂತ ಹಿರಿಯರಾಗಿದ್ದವರ ಕೆಳಗಿನ ಸೆಟ್ಟು ಸಡಿಲವಾಗಿತ್ತು, ಮಾತಿಗೊಮ್ಮೆ ಟಕ್ ಎನ್ನುತ್ತಿತ್ತು. ಅಂಥ ಹೊತ್ತಿನಲ್ಲೂ ಅದೇ ಕಿವಿಗೆ ಬಿತ್ತು.

"ಇದರಿಂದಲೇ ನಾಳ ಕಟ್ಟಿಕೊಂಡಿತಾ ಡಾಕ್ಟ್ರೇ?" ಎಂದು ಕೇಳಿದ್ದು ಇವಳು. ಇಡೀ ದಿನದಲ್ಲಿ ಅವಳಾಡಿದ್ದು ಅಷ್ಟೇ.

"ಒಂದು ಮಾತ್ರೆಯೂ ತಪ್ಪದೆ ತಗೊಂಡೋರಿಗೂ ಇದು ಬರುತ್ತಮ್ಮ. ತಪ್ಪಿಸಿದ್ರೆ ಹೆಚ್ಚು, ಬೇಗ. ಇವರಿಗೆ ಯಾವುದರಿಂದ ಬಂತು ಅಂತ ನಾನಲ್ಲ, ಯಾರೂ ಹೇಳೋಕಾಗಲ್ಲ."

ತಪ್ಪು ನನ್ನದೇ ಎಂದಿದ್ದರೂ ಸರಿ, ನನ್ನದಲ್ಲ ಎಂದಿದ್ದರೂ ಸರಿ. ಇದು ಎರಡೂ ಅಲ್ಲ.

ತೀರ್ಮಾನ ಹೀಗೆ. ಈಗ ಪಟ್ಟಿಗೆ ಸೇರಿಸುವುದಿಲ್ಲ. ಆರು ತಿಂಗಳು ಎರಡೂ ಹೊತ್ತು ಮಾತ್ರೆ ನುಂಗಬೇಕು. ಹೇಳದೆ ಕೇಳದೆ ಕರೆಸಿ ರಕ್ತ ನೋಡುತ್ತಾರೆ. ಹೃದಯ ಈ ಸ್ಥಿತಿಯಲ್ಲಿರುವಾಗ ಮದ್ದು ಬದಲಾಯಿಸುವ ಮಾತಿಲ್ಲ. ಒಂದು ಹಾಳೆ ಕೊಟ್ಟಿದ್ದಾರೆ. ಪ್ರತಿ ದಿನಕ್ಕೂ ನನ್ನ ಸಹಿ, ಪಕ್ಕದಲ್ಲಿ ಅದೇ ಮನೆಯಲ್ಲಿ ಇರುವವರೊಬ್ಬರು ನುಂಗಿದ್ದನ್ನು ಕಣ್ಣಾರೆ ನೋಡಿ ಹಾಕುವ ಸಹಿ. ಎರಡೂ ಸಹಿ ಬಿದ್ದ ದಿನದಿಂದ ಆರು ತಿಂಗಳು ಎಣಿಕೆ. ಅಷ್ಟರವರೆಗೆ ಹೃದಯ ತಡೆದರೆ ಮತ್ತೆ ನೋಡುತ್ತಾರೆ.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ.

ಮಾರ್ಚ್ ೨೧, ಶುಕ್ರವಾರ

ಎಂಟಕ್ಕೆ ಅವಳೆದುರಿಗೇ ನುಂಗಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಹಾಳೆಯನ್ನು ಮುಂದಿಟ್ಟೆ.

"ನಾನು ನೋಡ್ಲಿಲ್ಲ" ಎಂದಳು. "ಹದಿಮೂರು ವರ್ಷ ನೋಡದೇ ಇರೋದಕ್ಕೆ ಸಾಕ್ಷಿ ಹೇಳಿದ್ದು ಸಾಕು. ಡಬ್ಬಿ ನೀವೇ ತುಂಬ್ಕೊಳ್ಳಿ."

ಏಪ್ರಿಲ್ ೨, ಬುಧವಾರ

ಹಲ್ಲು ಕೂರಿಸುವ ಕೆಲಸವನ್ನು ಬಿಟ್ಟುಕೊಟ್ಟೆ. ಈಗ ಮಧ್ಯಾಹ್ನದವರೆಗೆ ಮಾತ್ರ ಹೋಗಿ ಗಾರೆಯ ಜೊತೆ ಗಾರೆ ಕಲಸುತ್ತೇನೆ. ಕಲಸುವುದಕ್ಕೆ ನಡುಗುವ ಕೈ ಒಳ್ಳೆಯದೇ ಎನ್ನುತ್ತಾನೆ ಅವನು, ಗುಳ್ಳೆ ಬರುವುದಿಲ್ಲವಂತೆ. ಅವನಿಗೆ ಎಲ್ಲ ಹೇಳಿದೆ. "ನಾಲ್ಕು ವರ್ಷ ಆ ಉಂಡೆ ಎತ್ತಿ ಬಿಸಾಡಿದೋನು ನಾನು" ಎಂದ. ಮತ್ತೆ ತಮಾಷೆ ಮಾಡಲಿಲ್ಲ.

ಮೆಟ್ಟಿಲಲ್ಲಿ ಈಗ ಮೂರು ಕಡೆ ನಿಲ್ಲುತ್ತೇನೆ. ಬೂಟು ಬಿಟ್ಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ. ಬೂಟಿನದೇನೂ ತಪ್ಪಿರಲಿಲ್ಲ.

ಹಾಳೆಯಲ್ಲಿ ನನ್ನ ಸಹಿ ಮಾತ್ರ.

ಏಪ್ರಿಲ್ ೧೪, ಸೋಮವಾರ

ಭಾನುವಾರ ಡಬ್ಬಿ ತುಂಬುವುದು ಎಷ್ಟು ಹೊತ್ತಿನ ಕೆಲಸವೆಂದು ಗೊತ್ತಿರಲಿಲ್ಲ. ನಿನ್ನೆಯೂ ನಲವತ್ತು ನಿಮಿಷ ಹಿಡಿಯಿತು. ಒಂದು ಬಿಳಿಯದು, ಎರಡು ಹಳದಿ, ಅರ್ಧ ಮುರಿದದ್ದು ಒಂದು. ನಡುಗುವ ಕೈಗೆ ಮುಚ್ಚಳ ಸಿಗುವುದಿಲ್ಲ. ಅವಳು ಹೀಗೆ ಆರುನೂರಕ್ಕೂ ಹೆಚ್ಚು ಭಾನುವಾರ ಕೂತಿದ್ದಾಳೆ.

ಅವಳು ಊಟ ಬಡಿಸುತ್ತಾಳೆ, ಉಪ್ಪು ಕಡಿಮೆ ಹಾಕುತ್ತಾಳೆ, ಬಟ್ಟೆ ಮಡಚಿಡುತ್ತಾಳೆ. ಮಾತಿಲ್ಲ. ಸಹಿ ಕೇಳಲು ನನಗೆ ಬಾಯಿ ಬರುವುದಿಲ್ಲ. ಸಿಸ್ಟರ್ ಫೋನ್ ಮಾಡಿ, "ಎಣಿಕೆ ಇನ್ನೂ ಶುರುವಾಗಿಲ್ಲ, ನೆನಪಿರಲಿ" ಎಂದರು. ನೆನಪಿದೆ.

ಕೆಲಸದಲ್ಲಿ ಇರುವಾಗ ರೇಡಿಯೋ ಅಮ್ಮ ಫೋನ್ ಮಾಡಿದ್ದರು. ಮೊಮ್ಮಗಳಿಗೆ ಕಥೆ ಓದುತ್ತಾರಂತೆ, ಒಂದು ಸಕಾರವೂ ಜಾರುವುದಿಲ್ಲವಂತೆ. ತಂಗಿಗೂ ಒಂದು ಸೆಟ್ಟು ಕಟ್ಟಿಕೊಡಬೇಕೆಂದರು. ಆಗಲ್ಲ ಅಮ್ಮ ಎಂದೆ. ಯಾಕೆ ಎಂದರು. ಕೈ ನಡುಗತ್ತೆ ಎಂದೆ. ಇದನ್ನು ಹೇಳಲು ನಾಲ್ಕು ವರ್ಷ ಹಿಡಿಯಿತು.

ಏಪ್ರಿಲ್ ೩೦, ಬುಧವಾರ

ಆಸ್ಪತ್ರೆ. ಸೋಮವಾರ ಮೆಟ್ಟಿಲಲ್ಲಿ ಕೂತವನು ಏಳಲಾಗಲಿಲ್ಲ. ಗಾರೆ ಎತ್ತಿಕೊಂಡೇ ಕೆಳಗಿಳಿಸಿದನಂತೆ. ಎದೆಯಲ್ಲಿ ನೀರು ತುಂಬಿತ್ತು, ಇಳಿಸಿದ್ದಾರೆ. ನೋವು ಆಗಲೂ ಇರಲಿಲ್ಲ.

ಇವಳು ಮೂರು ದಿನದಿಂದ ಮಂಚದ ಪಕ್ಕದ ಕುರ್ಚಿಯಲ್ಲಿದ್ದಾಳೆ. ನನ್ನ ತಲೆಯ ಕೆಳಗೆ ಆ ಹೊಸ ಚೀಲದ ದಿಂಬು. ತಂದವಳು ಅವಳೇ, ನಾನು ಕೇಳಿರಲಿಲ್ಲ. ಎಂಟು ಗಂಟೆಗೆ ವಾರ್ಡಿನ ನರ್ಸು ಮಾತ್ರೆ ಕೊಟ್ಟು, "ಬಾಯಿ ತೆಗೀರಿ. ನಾಲಿಗೆ ಎತ್ತಿ" ಎನ್ನುತ್ತಾಳೆ. ನನ್ನ ಕಡತದಲ್ಲಿ ಹಾಗೆ ಬರೆದಿರಬೇಕು. ಜೀವನವಿಡೀ ಇನ್ನೊಬ್ಬರ ಬಾಯಿಯ ಅಚ್ಚು ನೋಡಿದವನು ನಾನು. ಇವಳು ನರ್ಸಿನ ಹೆಗಲ ಹಿಂದಿನಿಂದ ನೋಡುತ್ತಿದ್ದಳು.

ಬೆಂಚಿನ ಮೇಲೆ ಸಿಕ್ಕಿದ್ದ ಡ್ರೈವರನ್ನು ವಿಚಾರಿಸಿದೆ. ಹೋದ ವಾರ ತೀರಿಕೊಂಡನಂತೆ. ಸಿಗಬೇಕಿದ್ದ ಹೃದಯ ಸ್ವಲ್ಪದರಲ್ಲಿ ತಪ್ಪಿತು ಎಂದರು ಸಿಸ್ಟರ್. ಏನು ಬರೆಯಬೇಕೋ ತಿಳಿಯುವುದಿಲ್ಲ. ನನ್ನೊಳಗಿನದನ್ನು ಅವನಿಗೆ ಹದಿಮೂರು ವರ್ಷದ ಹಿಂದೆ ಕೊಟ್ಟಿದ್ದರೆ ಒಂದು ಮಾತ್ರೆಯನ್ನೂ ತಪ್ಪಿಸುತ್ತಿರಲಿಲ್ಲವೇನೋ.

ಮೇ ೪, ಭಾನುವಾರ

ಮನೆ. ಅಕ್ಷರ ಕೆಟ್ಟದಾಗಿದೆ, ಈಗ ಎಲ್ಲ ದಿನವೂ ಹೀಗೇ. ಓದಲು ಬರುತ್ತದೆ, ಸಾಕು.

ಎಂಟಕ್ಕೆ ಐದು ನಿಮಿಷ ಇರುವಾಗ ಇವಳು ನೀರಿನ ಲೋಟ ತಂದು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಮಾರ್ಚ್ ೧೯ರ ನಂತರ ಹಾಗೆ ಕೂತಿರಲಿಲ್ಲ. ನಾನು ಡಬ್ಬಿ ತೆರೆಯಲು ಹೋದೆ, ಮುಚ್ಚಳ ಸಿಗಲಿಲ್ಲ. ಎರಡು ಸಲ, ಮೂರು ಸಲ. ಅವಳು ಸಹಾಯ ಮಾಡಲಿಲ್ಲ, ಕಾದಳು. ಕೊನೆಗೆ ತೆರೆಯಿತು. ನುಂಗಿದೆ.

"ಬಾಯಿ ತೆಗೀರಿ" ಎಂದಳು.

ತೆಗೆದೆ.

"ನಾಲಿಗೆ ಎತ್ತಿ."

ಎತ್ತಿದೆ. ಅವಳು ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಬೆಳಕಿನ ಕಡೆಗೆ ನನ್ನ ಗಲ್ಲ ತಿರುಗಿಸಿ, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಅವಸರವಿಲ್ಲದೆ. ನನ್ನ ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದುಕೊಂಡೇ ಅತ್ತೆ. ಅವಳು ಒರೆಸಲಿಲ್ಲ, ಗಲ್ಲವನ್ನೂ ಬಿಡಲಿಲ್ಲ.

"ಹೂಂ, ಮುಚ್ಚಿ" ಎಂದಳು.

ರಾತ್ರಿಯದಕ್ಕೂ ಹೀಗೇ ನೋಡಿದಳು. ಆಮೇಲೆ ತಾನೇ ಹೋಗಿ ಹಾಳೆ ತಂದಳು. ಅವಳ ಸಹಿಯಿಲ್ಲದೆ ನಲವತ್ತನಾಲ್ಕು ಸಾಲು ಹೋಗಿದೆ. ಅದನ್ನು ಬೆರಳಿನಿಂದ ಎಣಿಸುತ್ತಾ ಕೆಳಗೆ ಬಂದು, ಇವತ್ತಿನ ಸಾಲಿನಲ್ಲಿ ನಿಂತಳು. ಈಗಿನಿಂದ ಆರು ತಿಂಗಳು ಎಂದರೆ ನವೆಂಬರು. ಅಲ್ಲಿಯವರೆಗೆ ಇದು ತಡೆಯುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಪೆನ್ನು ಹಿಡಿದು ನನ್ನ ಸಹಿಯ ಪಕ್ಕದಲ್ಲಿ ತನ್ನದನ್ನು ಹಾಕಿದಳು.

ಆಮೇಲೆ ನೋಡಿದೆ. ಅವಳ ಅಕ್ಷರವೂ ನನ್ನದರಂತೆಯೇ ನಡುಗಿತ್ತು. ಅವಳು ಯಾವ ಮಾತ್ರೆಯನ್ನೂ ನುಂಗುವುದಿಲ್ಲ.